ಪಾಲಿಮರ್ ಬಳಗದಲ್ಲಿ ನೈಲಾನ್

ಕಲಾ ವಿಭಾಗದ ವಿದ್ಯಾರ್ಥಿನಿಯಾದ ನಾನು ರಸಾಯನಶಾಸ್ತ್ರದ ವಿಷಯವೊಂದನ್ನು ಕುರಿತು ಬರೆಯ ಹೊರಟಿರುವದನ್ನು ಕಂಡು ನನ್ನ ಗೆಳತಿಯರು ನಗಬಹುದು, ಗುರುಗಳು ಆಶ್ಚರ್ಯಪಡಲೂಬಹುದು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನನ್ನ ಅಭ್ಯಾಸದ ವಿಷಯಗಳು. ಹತ್ತನೆಯ ತರಗತಿಯ ತರುವಾಯ ವಿಜ್ಞಾನದ ಪುಸ್ತಕವನ್ನು ನಾನು ತೆರೆದವಳಲ್ಲ. ಆದರೆ ಈ ವರ್ಷ ನನ್ನಿಂದ ಒಂದು ತಪ್ಪು ನಡೆದುಹೋಯಿತು. ತುಂಬಿದ ಸಭೆಯಲ್ಲಿ ಮಾಡಿದ ತಪ್ಪಾದ್ದರಿಂದ ಅದರ ತಿದ್ದುಪಡಿಯನ್ನೂ ಎಲ್ಲರೂ ಓದುವ ಈ ಸಂಚಿಕೆಯಲ್ಲಿಯೇ ಮಾಡುವದು ಯೋಗ್ಯವೆಂದು ತೋರಿ ಈ ಲೇಖನವನ್ನು ಬರೆದಿದ್ದೇನೆ.

ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ “ಪ್ಲಾಸ್ಟಿಕ್ಕನ್ನು ಸಂಪೂರ್ಣವಾಗಿ ನಿಷೇಧಿಸಬೇಕು” ಎಂಬ ವಿಷಯವಿದ್ದಿತು. ನಾನು ವಿಷಯದ ಪರವಾಗಿ ಮಾತನಾಡಿದೆ. ಗಟಾರಿನಲ್ಲಿ ಸಿಕ್ಕು ನೀರನ್ನು ತಡೆಯುವ ಚೀಲಗಳನ್ನೂ, ದನಕರುಗಳ ಹೊಟ್ಟೆ ಸೇರುವ ಕಸವನ್ನೂ ವರ್ಣಿಸಿದೆ. ಕರ್ನಾಟಕ ಸರಕಾರವು ೨೦೧೬ರಲ್ಲಿ ಪ್ಲಾಸ್ಟಿಕ್ ಕೈಚೀಲ ಮೊದಲಾದವುಗಳನ್ನು ನಿಷೇಧಿಸಿದುದನ್ನೂ, ಕೇಂದ್ರ ಸರಕಾರವು ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದುದನ್ನೂ ಹೇಳಿ, “ಕೆಲವನ್ನೇಕೆ? ಎಲ್ಲವನ್ನೂ ನಿಷೇಧಿಸಲಿ! ನಮ್ಮ ಅಜ್ಜ-ಅಜ್ಜಿಯರು ಪಾಲಿಮರುಗಳಿಲ್ಲದೆಯೇ ಬಾಳಲಿಲ್ಲವೆ?” ಎಂದು ಭಾಷಣವನ್ನು ಮುಗಿಸಿದೆ. ಚಪ್ಪಾಳೆಯಾಯಿತು. ಬಹುಮಾನವೂ ಬಂದಿತು.

ನಮ್ಮ ಮನೆ ಕೇಶ್ವಾಪುರದಲ್ಲಿದೆ. ತಂದೆಯವರು ರೇಲ್ವೆಯಲ್ಲಿ ಕೀಮನ್. ದಿನಾಲೂ ತಮ್ಮ ಪಾಲಿನ ಹಳಿಯ ಗುಂಟ ನಡೆದು, ಸಡಿಲಾದ ಕ್ಲಿಪ್ಪನ್ನು ಬಡಿದು ಬಿಗಿಮಾಡುವದು, ಕೆಟ್ಟ ಸಾಮಾನನ್ನು ಬದಲಿಸುವದು ಅವರ ಕೆಲಸ. ಆ ದಿನ ಸಂಜೆ ನಾನು ಬಹುಮಾನದ ಪುಸ್ತಕವನ್ನು ತೋರಿಸಿದಾಗ ಅವರು ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ತರುವಾಯ ನಾನು ಏನೇನು ಮಾತನಾಡಿದೆನೆಂದು ಕೇಳಿದರು. ಎಲ್ಲವನ್ನೂ ಕೇಳಿದ ಮೇಲೆ ತಮ್ಮ ಚೀಲದಿಂದ ಕಪ್ಪು ಬಣ್ಣದ, ಅಂಗೈಯೊಳಗೆ ಹಿಡಿಯುವ ಒಂದು ತುಂಡನ್ನು ತೆಗೆದು ನನ್ನ ಮುಂದಿಟ್ಟರು. ಅದರ ಒಂದು ಅಂಚು ಜಜ್ಜಿಹೋಗಿತ್ತು.

“ಎಲ್ಲಾ ಪ್ಲಾಸ್ಟಿಕ್ ಬಂದ್ ಮಾಡಬೇಕಂತ ಹೇಳಿ ಬಂದೀಯಲ್ಲವಾ. ಇದನ್ನೂ ಬಂದ್ ಮಾಡೂದೇನು?”

“ಇದೇನಪ್ಪಾ?”

“ಲೈನರು. ಹಳಿಗೂ ಕ್ಲಿಪ್ಪಿಗೂ ನಡುವ ಇರ್ತೈತಿ. ಜಿ. ಎಫ್. ಎನ್. ಅರವತ್ತಾರು ಅಂತಾರ. ಇಷ್ಟು ವರ್ಷಾತು, ಇದನ್ನ ಹಾಕೇನಿ, ತಗದೇನಿ. ಅರವತ್ತಾರು ಅಂದ್ರ ಏನು ಅನ್ನೂದು ನನಗ ಇವತ್ತಿಗೂ ಗೊತ್ತಿಲ್ಲ. ಕಾಲೇಜಿಗೆ ಹೋಗಾಕಿ ನೀ, ನೀನ ಹೇಳು.”

ಅವರು ಹಂಗಿಸಲೆಂದು ಕೇಳಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು. ಯಾವ ವಸ್ತುವನ್ನು ಭೂಮಿಯ ಮೇಲಿಂದಲೇ ಅಳಿಸಬೇಕೆಂದು ಅರ್ಧ ತಾಸು ಮೊದಲು ನಾನು ಬೀಗುತ್ತಿದ್ದೆನೋ, ಅದು ಏನೆಂಬುದೇ ನನಗೆ ತಿಳಿದಿರಲಿಲ್ಲ. ಮರುದಿನ ತಂದೆಯವರು ಆ ತುಂಡನ್ನು “ಮುರದದ್ದಾದ್ರೂ ಲೆಕ್ಕದ್ದು” ಎಂದು ಹಿಂದಕ್ಕೆ ಒಯ್ದರು. ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ನೆರೆಯ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕಂಡು, ಅವರು ಕೊಟ್ಟ ಪುಸ್ತಕಗಳನ್ನು ಓದಿ, ತಿಳಿಯದ ಕಡೆ ಮತ್ತೆ ಮತ್ತೆ ಕೇಳಿ ನಾನು ಗ್ರಹಿಸಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪಾಲಿಮರ್ ಎಂದರೇನೆಂಬುದನ್ನು ನೋಡೋಣ. ಗ್ರೀಕ್ ಭಾಷೆಯಲ್ಲಿ ‘ಪಾಲಿ’ ಎಂದರೆ ಹಲವು, ‘ಮೆರೋಸ್’ ಎಂದರೆ ಭಾಗ. ಹಲವು ಭಾಗಗಳು ಕೂಡಿ ಆದ ದೊಡ್ಡ ಅಣುವೇ ಪಾಲಿಮರು. ಆ ಒಂದೊಂದು ಭಾಗಕ್ಕೆ ಮಾನೊಮರ್ ಎಂದು ಹೆಸರು. ಹುಬ್ಬಳ್ಳಿಯವರಿಗೆ ಇದನ್ನು ತಿಳಿಸುವದು ಕಷ್ಟವಲ್ಲ. ನಿಲ್ದಾಣದಲ್ಲಿ ನಿಂತ ರೈಲು ಗಾಡಿಯನ್ನು ನೆನೆಯಿರಿ. ಡಬ್ಬಿಯ ಎರಡೂ ತುದಿಗೆ ಕೊಂಡಿಗಳಿರುವವು. ಒಂದು ಡಬ್ಬಿಯ ಕೊಂಡಿಗೆ ಇನ್ನೊಂದರ ಕೊಂಡಿ ಸೇರುತ್ತ ಹೋದಂತೆ ಗಾಡಿ ಬೆಳೆಯುವದು. ಡಬ್ಬಿಯೇ ಮಾನೊಮರು, ಇಡಿಯ ಗಾಡಿಯೇ ಪಾಲಿಮರು. ಡಬ್ಬಿ ಎಂಥದು, ಕೊಂಡಿ ಎಂಥದು, ಗಾಡಿ ಎಷ್ಟು ಉದ್ದ ಎಂಬುದರ ಮೇಲೆ ಆ ವಸ್ತು ಮೆತ್ತಗೋ ಗಟ್ಟಿಯೋ, ಕರಗುವದೋ ಕರಗದೋ ಎಂಬುದು ನಿರ್ಧಾರವಾಗುತ್ತದೆ.

ಹೀಗೆಂದ ಮೇಲೆ ಪಾಲಿಮರ್ ಎಂಬುದು ಯಾವುದೋ ಒಂದು ವಸ್ತುವಿನ ಹೆಸರಲ್ಲ, ವಸ್ತುಗಳ ಒಂದು ಕಟ್ಟೋಣದ ಹೆಸರು ಎಂಬುದು ಸ್ಪಷ್ಟವಾಗುವದು. ಈ ಕಟ್ಟೋಣವನ್ನು ಮನುಷ್ಯನಿಗಿಂತ ಮೊದಲು ಕಂಡುಕೊಂಡದ್ದು ನಿಸರ್ಗ. ನಮ್ಮ ಎರೆಹೊಲದ ಜಯಧರ ಹತ್ತಿಯನ್ನೇ ತೆಗೆದುಕೊಳ್ಳಿರಿ. ಹತ್ತಿಯ ಎಳೆಯೆಂದರೆ ಸೆಲ್ಯುಲೋಸು. ಸೆಲ್ಯುಲೋಸಿನ ಒಂದು ಅಣುವೆಂದರೆ ಗ್ಲೂಕೋಸ್ ಸಕ್ಕರೆಯ ಸಾವಿರಾರು ಘಟಕಗಳು ಒಂದರ ಹಿಂದೊಂದು ಕೂಡಿದ ಸಾಲು. ಜೋಳದ ರೊಟ್ಟಿಯಲ್ಲಿರುವ ಪಿಷ್ಟವೂ ಗ್ಲೂಕೋಸಿನದೇ ಸಾಲು. ಕೊಂಡಿ ಹಾಕಿದ ಬಗೆ ಮಾತ್ರ ಬೇರೆ. ಅಷ್ಟೊಂದು ವ್ಯತ್ಯಾಸದಿಂದಲೇ ಒಂದು ನಮ್ಮ ಹೊಟ್ಟೆಯಲ್ಲಿ ಕರಗುವದು, ಇನ್ನೊಂದು ಮೈಮೇಲೆ ಬಟ್ಟೆಯಾಗಿ ಉಳಿಯುವದು. ಅಜ್ಜನ ಕರಿಯ ಕಂಬಳಿಯ ಉಣ್ಣೆ ಪಾಲಿಮರು. ಅಜ್ಜಿಯ ಇಳಕಲ್ ಸೀರೆಯಲ್ಲಿ ಎರಡು ಪಾಲಿಮರುಗಳುಂಟು: ಮೈಯ ಹತ್ತಿ ಸೆಲ್ಯುಲೋಸು, ಸೆರಗಿನ ರೇಷ್ಮೆ ಪ್ರೋಟೀನು. ಇಳಕಲ್ಲಿನ ನೇಕಾರರು ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವಂತೆಯೇ, ಆ ಎಳೆಯ ಒಳಗೂ ಕಣ್ಣಿಗೆ ಕಾಣದ ಸಾವಿರಾರು ಕೊಂಡಿಗಳಿವೆ. “ನಮ್ಮ ಅಜ್ಜ-ಅಜ್ಜಿಯರು ಪಾಲಿಮರುಗಳಿಲ್ಲದೆಯೇ ಬಾಳಲಿಲ್ಲವೆ” ಎಂದು ನಾನು ಸಭೆಯಲ್ಲಿ ಗರ್ಜಿಸಿದ್ದೆನಲ್ಲ! ಅವರು ಪಾಲಿಮರನ್ನೇ ಉಂಡು, ಪಾಲಿಮರನ್ನೇ ಉಟ್ಟು, ಪಾಲಿಮರನ್ನೇ ಹೊದೆದು ಬಾಳಿದರು.

ವಸ್ತುಗಳು ಹಳೆಯವಾದರೂ ಈ ತಿಳುವಳಿಕೆ ಹಳೆಯದಲ್ಲ. ಇಷ್ಟು ಉದ್ದದ ಅಣುಗಳು ಇರಲಾರವು, ಸಣ್ಣ ಅಣುಗಳೇ ಗುಂಪುಗೂಡಿ ಹಾಗೆ ತೋರುತ್ತವೆ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೊಡ್ಡ ದೊಡ್ಡ ಪಂಡಿತರು ನಂಬಿದ್ದರು. ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಎಂಬ ರಸಾಯನಶಾಸ್ತ್ರಜ್ಞನು ೧೯೨೦ರಲ್ಲಿ, ಇವು ನಿಜವಾಗಿಯೂ ಗಟ್ಟಿಯಾದ ಕೊಂಡಿಗಳಿಂದ ಕೂಡಿದ ಉದ್ದನೆಯ ಸರಪಳಿಗಳೇ ಎಂದು ಪ್ರತಿಪಾದಿಸಿದನು. ಹಲವು ವರ್ಷ ಅವನು ವಿರೋಧವನ್ನು ಎದುರಿಸಬೇಕಾಯಿತು. ಕೊನೆಗೆ ಅವನ ಮಾತೇ ನಿಂತಿತು. ೧೯೫೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಸರಪಳಿ ಇದೆಯೆಂದು ಒಬ್ಬನು ಹೇಳಿದರೆ, ಅದನ್ನು ಬೇಕೆಂದ ಹಾಗೆ ಕಟ್ಟಿ ತೋರಿಸಿದವನು ಇನ್ನೊಬ್ಬನು. ಅವನೇ ಅಮೇರಿಕೆಯ ವ್ಯಾಲೇಸ್ ಕರಾದರ್ಸ್. ಡ್ಯೂಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ಈತನ ವಿಚಾರ ಸರಳವಾಗಿತ್ತು. ಎರಡೂ ತುದಿಗೆ ಕೊಂಡಿಯುಳ್ಳ ಸಣ್ಣ ಅಣುಗಳನ್ನು ಆಯ್ದು, ಅವುಗಳಿಗೆ ಒಂದನ್ನೊಂದು ಹಿಡಿಯುವ ಅವಕಾಶ ಮಾಡಿಕೊಟ್ಟರೆ ಗಾಡಿ ತಾನೇ ಬೆಳೆಯಬೇಕಲ್ಲವೆ? ಹಲವು ವರ್ಷಗಳ ದುಡಿಮೆಯ ತರುವಾಯ ೧೯೩೫ರ ಫೆಬ್ರುವರಿ ೨೮ರಂದು ಅವನ ಪ್ರಯೋಗಶಾಲೆಯಲ್ಲಿ ಹುಟ್ಟಿದ ವಸ್ತುವೇ ಮುಂದೆ ನೈಲಾನ್ ಎಂದು ಹೆಸರಾಯಿತು. ಮನೋವ್ಯಥೆಯಿಂದ ಬಹುಕಾಲ ಬಳಲಿದ ಕರಾದರ್ಸನು ೧೯೩೭ರ ಏಪ್ರಿಲ್ ೨೯ರಂದು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಆಗ ಅವನಿಗೆ ೪೧ ವರ್ಷ. ಕಂಪನಿಯು ನೈಲಾನನ್ನು ಲೋಕಕ್ಕೆ ಪ್ರಕಟಿಸಿದ್ದು ೧೯೩೮ರ ಅಕ್ಟೋಬರಿನಲ್ಲಿ. ತಾನು ಕಟ್ಟಿದ ಗಾಡಿ ಹೊರಟದ್ದನ್ನು ಅವನು ನೋಡಲಿಲ್ಲ.

ಈಗ ತಂದೆಯವರ ಪ್ರಶ್ನೆಗೆ ಬರೋಣ. ನೈಲಾನ್ ೬೬ ಎಂಬ ಗಾಡಿಯಲ್ಲಿ ಎರಡು ಜಾತಿಯ ಡಬ್ಬಿಗಳುಂಟು. ಒಂದರ ಹೆಸರು ಹೆಕ್ಸಾಮೆಥಿಲೀನ್ ಡೈಅಮೀನ್, ಇನ್ನೊಂದರ ಹೆಸರು ಅಡಿಪಿಕ್ ಆಮ್ಲ. ಹೆಸರು ಬಾಯಿಗೆ ಬಾರದಿದ್ದರೆ ಬೇಡ. ಒಂದು ಕ್ಷಾರಗುಣದ್ದು, ಇನ್ನೊಂದು ಆಮ್ಲ, ಆದ್ದರಿಂದ ಒಂದನ್ನೊಂದು ಹಿಡಿಯುವವು ಎಂದು ನೆನೆದರೆ ಸಾಕು. ಮೊದಲನೆಯದರಲ್ಲಿ ಇಂಗಾಲದ ಆರು ಪರಮಾಣುಗಳು, ಎರಡನೆಯದರಲ್ಲಿಯೂ ಆರೇ. ಆರು ಮತ್ತು ಆರು! ಅದು ಅರವತ್ತಾರು ಅಲ್ಲ. ಈ ಎರಡು ಡಬ್ಬಿಗಳು ಒಂದು ಬಿಟ್ಟು ಒಂದು ಕೂಡುತ್ತ ಹೋಗುವವು. ಪ್ರತಿಯೊಂದು ಕೊಂಡಿ ಬಿದ್ದಾಗಲೂ ನೀರಿನ ಒಂದು ಅಣು ಹೊರಬೀಳುವದು. ಕಾರಖಾನೆಯಲ್ಲಿ ಮೊದಲು ಎರಡನ್ನೂ ಸಮಸಮವಾಗಿ ಕೂಡಿಸಿ ಒಂದು ಬಗೆಯ ಉಪ್ಪನ್ನು ಮಾಡಿ, ಅದನ್ನು ೨೭೦ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ ಆ ನೀರನ್ನು ಓಡಿಸುತ್ತಾರೆ. ನೀರು ಹೋದಷ್ಟೂ ಗಾಡಿ ಉದ್ದವಾಗುವದು. ಗಾಡಿ ಮಿತಿಮೀರಿ ಬೆಳೆಯಬಾರದೆಂದು ಒಂದೇ ತುದಿಗೆ ಕೊಂಡಿಯುಳ್ಳ ಅಸಿಟಿಕ್ ಆಮ್ಲದಂಥ ಅಣುಗಳನ್ನು ಸ್ವಲ್ಪ ಬೆರೆಸುವದುಂಟು. ಅದು ಕೂಡಿದ ಮೇಲೆ ಆ ತುದಿಗೆ ಬೇರೊಂದು ಡಬ್ಬಿ ಕೂಡಲಾರದು. ಗಾಡಿಯ ಕಡೆಯ ಡಬ್ಬಿ ಇದ್ದ ಹಾಗೆ!

ನೈಲಾನಿನಲ್ಲಿ ಬೇರೆ ಜಾತಿಗಳೂ ಇವೆ. ಜರ್ಮನಿಯ ಪಾಲ್ ಶ್ಲಾಕ್ ಎಂಬವನು ೧೯೩೮ರಲ್ಲಿ ಕ್ಯಾಪ್ರೊಲ್ಯಾಕ್ಟಂ ಎಂಬ ಒಂದೇ ಬಗೆಯ ಘಟಕದಿಂದ ನೈಲಾನ್ ೬ನ್ನು ಮಾಡಿದನು. ನಮ್ಮ ಕಡೆಗೆ ಬದುವಿನ ಮೇಲೆ ಬೆಳೆಯುವ ಔಡಲದ ಎಣ್ಣೆಯಿಂದಲೂ ನೈಲಾನ್ ೧೧ ಎಂಬ ಜಾತಿಯನ್ನು ಮಾಡುತ್ತಾರೆಂದು ಓದಿ ನಾನು ಬೆರಗಾದೆ. ಚಿಕ್ಕಂದಿನಲ್ಲಿ ಅಜ್ಜಿ ಬಲವಂತದಿಂದ ಕುಡಿಸುತ್ತಿದ್ದ ಆ ಎಣ್ಣೆಗೆ ಇಂಥದೊಂದು ಯೋಗ್ಯತೆ ಉಂಟೆಂದು ಯಾರು ಬಲ್ಲರು?

ಇಲ್ಲಿಯೇ ನನಗೆ ಎಲ್ಲಕ್ಕೂ ಹೆಚ್ಚು ಸೋಜಿಗವೆನಿಸಿದ ಸಂಗತಿಯನ್ನು ಹೇಳಬೇಕು. ನೈಲಾನಿನ ಎರಡು ಡಬ್ಬಿಗಳ ನಡುವಿನ ಕೊಂಡಿಗೆ ಅಮೈಡ್ ಬಂಧವೆಂದು ಹೆಸರು. ಆಮ್ಲಜನಕವನ್ನು ಹೊತ್ತ ಇಂಗಾಲದ ಪರಮಾಣು ಒಂದು ಕಡೆ, ಜಲಜನಕವನ್ನು ಹೊತ್ತ ಸಾರಜನಕದ ಪರಮಾಣು ಇನ್ನೊಂದು ಕಡೆ. ರೇಷ್ಮೆಯಲ್ಲಿಯೂ ಉಣ್ಣೆಯಲ್ಲಿಯೂ ಘಟಕ ಘಟಕಗಳನ್ನು ಹಿಡಿದಿರುವ ಕೊಂಡಿಯೂ ಇದೇ! ನಮ್ಮ ಕೂದಲಲ್ಲಿ, ಉಗುರಲ್ಲಿ, ಸ್ನಾಯುವಿನಲ್ಲಿ ಇರುವದೂ ಇದೇ. ಹೀಗಾಗಿ ನೈಲಾನು ವಂಶದಿಂದ ಪಾಲಿಥೀನ್ ಚೀಲಕ್ಕಿಂತ ಅಜ್ಜನ ಕಂಬಳಿಗೆ ಹತ್ತಿರದ್ದು. ೧೯೪೦ರಲ್ಲಿ ಅಮೇರಿಕೆಯಲ್ಲಿ ನೈಲಾನಿನ ಕಾಲುಚೀಲಗಳು ರೇಷ್ಮೆಯ ಸ್ಥಾನವನ್ನು ಹಿಡಿದದ್ದೂ, ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಶೂಟಿಗೆ ರೇಷ್ಮೆಯ ಬದಲು ನೈಲಾನ್ ಬಂದದ್ದೂ ಈ ಸಂಬಂಧವನ್ನೇ ತೋರಿಸುತ್ತವೆ.

ಈ ಕೊಂಡಿಯ ಮಹಿಮೆ ಎರಡು ಡಬ್ಬಿಗಳನ್ನು ಕೂಡಿಸುವದಷ್ಟೇ ಅಲ್ಲ. ಒಂದು ಸರಪಳಿಯ ಜಲಜನಕವು ಮಗ್ಗುಲ ಸರಪಳಿಯ ಆಮ್ಲಜನಕವನ್ನು ಮೆಲ್ಲಗೆ ಸೆಳೆದು ಹಿಡಿಯುವದು. ಇಂಥ ಒಂದು ಹಿಡಿತದ ಬಲ ಅಲ್ಪ. ಆದರೆ ಅಲ್ಲಲ್ಲಿ, ಅಲ್ಲಲ್ಲಿ, ಸಾಲಿನುದ್ದಕ್ಕೂ ಹಿಡಿತವಿರುವದರಿಂದ ಒಟ್ಟು ಬಲ ದೊಡ್ಡದು. ಹತ್ತಿಪ್ಪತ್ತು ಜನರು ಕೂಡಿ ದನಿಗೆ ದನಿ ಸೇರಿಸಿ ಹಳಿಯನ್ನು ಎತ್ತುವದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈಚೀಲದ ಪಾಲಿಥೀನಿನ ಸರಪಳಿ ನೈಲಾನಿನದಕ್ಕಿಂತ ಬಹಳ ಉದ್ದವಿರಬಹುದು. ಆದರೆ ಅದರಲ್ಲಿ ಇರುವದು ಬರಿಯ ಇಂಗಾಲ, ಜಲಜನಕ. ಮಗ್ಗುಲವರನ್ನು ಹಿಡಿಯಲು ಅದಕ್ಕೆ ಕೈಗಳಿಲ್ಲ. ಎಂತಲೇ ಅದು ೧೧೦ರಿಂದ ೧೩೫ ಡಿಗ್ರಿಯೊಳಗೆ ಕರಗಿಹೋಗುವದು. ನೈಲಾನ್ ೬೬ ಕರಗಲು ಸುಮಾರು ೨೬೦ ಡಿಗ್ರಿ ಬೇಕು.

ಕರಗುವ ಮಾತು ಬಂದದ್ದರಿಂದ ಥರ್ಮೋಪ್ಲಾಸ್ಟಿಕ್ ಎಂಬ ಪದವನ್ನೂ ಬಿಡಿಸಿ ಹೇಳಬೇಕು. ಮೇಣವನ್ನು ಕಾಯಿಸಿದರೆ ಕರಗುವದು, ಆರಿದರೆ ಗಟ್ಟಿಯಾಗುವದು. ಮತ್ತೆ ಕಾಯಿಸಿದರೆ ಮತ್ತೆ ಕರಗುವದು. ಕುಂಬಾರನ ಮಡಿಕೆ ಹಾಗಲ್ಲ. ಹಸಿಯಿದ್ದಾಗ ಬೇಕಾದ ಆಕಾರ ತಾಳಿ, ಒಮ್ಮೆ ಸುಟ್ಟ ಮೇಲೆ ಮರಳಿ ಮಣ್ಣಿನ ಮುದ್ದೆಯಾಗದು. ಪಾಲಿಮರುಗಳಲ್ಲಿಯೂ ಈ ಎರಡು ಬಗೆಗಳುಂಟು. ಸರಪಳಿಗಳು ಬಿಡಿಬಿಡಿಯಾಗಿದ್ದು, ಕಾಯಿಸಿದಾಗ ಒಂದರ ಮೇಲೊಂದು ಜಾರಬಲ್ಲವಾದರೆ ಅದು ಥರ್ಮೋಪ್ಲಾಸ್ಟಿಕ್. ಸರಪಳಿ ಸರಪಳಿಗಳಿಗೆ ಅಡ್ಡಗಟ್ಟೆಗಳು ಬಿದ್ದು ಇಡಿಯದೊಂದು ಬಲೆಯಾದರೆ ಅದು ಮತ್ತೆ ಕರಗದ ಜಾತಿ. ಬೇಕ್‌ಲ್ಯಾಂಡ್ ಎಂಬವನು ೧೯೦೭ರಲ್ಲಿ ಕಂಡುಹಿಡಿದ ಬೇಕ್‌ಲೈಟ್ ಈ ಎರಡನೆಯ ಬಗೆಯದು. ಕುಕ್ಕರಿನ ಕರಿಯ ಹಿಡಿ ಒಲೆಯ ಮೇಲೆ ಕರಗದಿರುವದು ಇದರಿಂದಲೇ. ನೈಲಾನು ಮೊದಲನೆಯ ಬಗೆಯದು. ಕರಗಿಸಿ ಅಚ್ಚಿಗೆ ಹೊಯ್ಯಬಹುದು, ಎಳೆಯಾಗಿ ಎಳೆಯಬಹುದು, ಮತ್ತೆ ಕರಗಿಸಲೂಬಹುದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬೇಕೆನಿಸಿತು. ಅವ್ವ ಚಿಮಟಿಗೆಯಲ್ಲಿ ಹಿಡಿದು ಒಂದೊಂದೇ ಎಳೆಯನ್ನು ದೀಪಕ್ಕೆ ಒಡ್ಡಿದಳು. ಹೊಗೆ ಕುಡಿಯಬಾರದೆಂದು ಅಂಗಳದಲ್ಲಿ ಈ ಪ್ರಯೋಗ ನಡೆಯಿತು. ಹತ್ತಿಯ ನೂಲು ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಯಿತು. ಕಂಬಳಿಯ ಎಳೆ ಸುರುಟಿಕೊಂಡು, ಕೂದಲು ಸುಟ್ಟ ವಾಸನೆ ಬೀರಿ, ಕೈಯಲ್ಲಿ ಪುಡಿಯಾಗುವ ಕರಕಾಯಿತು. ನೈಲಾನ್ ಹಗ್ಗದ ಎಳೆ ಮಾತ್ರ ಉರಿಯುವ ಮೊದಲೇ ಹಿಂದೆ ಸರಿದು, ಕರಗಿ, ತುದಿಗೆ ಗಟ್ಟಿಯಾದ ಒಂದು ಮಣಿಯಾಗಿ ನಿಂತಿತು. ಮೂರೂ ಪಾಲಿಮರುಗಳೇ. ಉಣ್ಣೆಗೂ ನೈಲಾನಿಗೂ ಕೊಂಡಿಯೂ ಒಂದೇ. ಆದರೆ ಉಣ್ಣೆಯ ಸರಪಳಿಗಳ ನಡುವೆ ಗಂಧಕದ ಅಡ್ಡಗಟ್ಟೆಗಳಿವೆ. ಹತ್ತಿಯ ಸರಪಳಿಗಳು ಒಂದನ್ನೊಂದು ಬಿಡಲಾರದಷ್ಟು ಹಿಡಿತಗಳಿಂದ ಕೂಡಿವೆ. ಅವು ಕರಗುವ ಮೊದಲೇ ಸುಟ್ಟುಹೋಗುವವು. ಪಾಲಿಮರೆಲ್ಲ ಥರ್ಮೋಪ್ಲಾಸ್ಟಿಕ್ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಷ್ಟಾದ ಮೇಲೆ ಸಂಬಂಧವನ್ನು ಒಂದು ವಿಳಾಸದಂತೆ ಬರೆಯಬಹುದು. ಕರ್ನಾಟಕದಲ್ಲಿ ಧಾರವಾಡ ಜಿಲ್ಲೆ, ಅದರಲ್ಲಿ ಹುಬ್ಬಳ್ಳಿ, ಅದರಲ್ಲಿ ಕೇಶ್ವಾಪುರ, ಅದರಲ್ಲಿ ನಮ್ಮ ಮನೆ. ಅದರಂತೆ ಪಾಲಿಮರುಗಳಲ್ಲಿ ಥರ್ಮೋಪ್ಲಾಸ್ಟಿಕ್ಕುಗಳು, ಅವುಗಳಲ್ಲಿ ನೈಲಾನುಗಳು, ನೈಲಾನುಗಳಲ್ಲಿ ೬೬, ಅದರಿಂದಾದ ವಸ್ತುಗಳಲ್ಲಿ ತಂದೆಯವರ ಲೈನರು. ಕೇಶ್ವಾಪುರದವರೆಲ್ಲ ಕರ್ನಾಟಕದವರು ನಿಜ. ಆದರೆ ಕೇಶ್ವಾಪುರದ ಒಂದು ಮನೆಯವರ ಮೇಲಿನ ಸಿಟ್ಟಿಗೆ ಇಡಿಯ ಕರ್ನಾಟಕವನ್ನು ದೂರುವದು ಹೇಗೆ ಸರಿಯಲ್ಲವೋ, ಹಾಗೆಯೇ ಒಂದು ಕೈಚೀಲದ ಮೇಲಿನ ಸಿಟ್ಟಿನಿಂದ ಪಾಲಿಮರ್ ಕುಲವನ್ನೆಲ್ಲ ದೂರುವದೂ ಸರಿಯಲ್ಲ.

ಇನ್ನು ಆ ಲೈನರಿನ ಕೆಲಸವನ್ನು ನೋಡೋಣ. ೨೦೦೩ರಿಂದ ನೈಋತ್ಯ ರೇಲ್ವೆಯ ಕೇಂದ್ರಸ್ಥಾನವಾಗಿರುವ ನಮ್ಮ ಊರಿನಲ್ಲಿ ಹಳಿಯನ್ನು ನೋಡದವರಿಲ್ಲ. ಹಳಿಯನ್ನು ಹಿಡಿದಿಟ್ಟಿರುವದು ಏನೆಂದು ನೋಡಿದವರು ಕಡಿಮೆ. ಕಾಂಕ್ರೀಟಿನ ಸ್ಲೀಪರಿನ ಮೇಲೆ ಮೊದಲು ಒಂದು ರಬ್ಬರ್ ಪ್ಯಾಡು. ಅದರ ಮೇಲೆ ಹಳಿ. ಹಳಿಯ ಪಾದದ ಎರಡೂ ಅಂಚಿಗೆ ಒಂದೊಂದು ಲೈನರು. ಅದನ್ನು ಒತ್ತಿ ಹಿಡಿಯುವ ಉಕ್ಕಿನ ಸ್ಪ್ರಿಂಗಿನಂಥ ಕ್ಲಿಪ್ಪು. ಒಂದು ಸ್ಲೀಪರಿಗೆ ನಾಲ್ಕು ಲೈನರು. ಮುಖ್ಯಮಾರ್ಗದಲ್ಲಿ ಕಿಲೋಮೀಟರಿಗೆ ೧,೬೬೦ ಸ್ಲೀಪರಿನಂತೆ ಹಿಡಿದರೆ ೬,೬೪೦ ಲೈನರುಗಳಾಗುವವು. ಕಬ್ಬಿಣದ ಲೈನರುಗಳೂ ಬಳಕೆಯಲ್ಲಿವೆ. ಹಾಗಿದ್ದರೆ ನೈಲಾನ್ ಏಕೆ?

ಸಿಗ್ನಲ್ ವ್ಯವಸ್ಥೆಯಲ್ಲಿ ಟ್ರ್ಯಾಕ್ ಸರ್ಕಿಟ್ ಎಂಬುದೊಂದು ಉಂಟು. ಎರಡು ಹಳಿಗಳಲ್ಲಿ ಅಲ್ಪ ಪ್ರಮಾಣದ ವಿದ್ಯುತ್ತನ್ನು ಹರಿಯಬಿಟ್ಟಿರುತ್ತಾರೆ. ಗಾಡಿ ಬಂದಾಗ ಅದರ ಗಾಲಿ ಮತ್ತು ಅಚ್ಚುಗಳ ಮೂಲಕ ಆ ವಿದ್ಯುತ್ತು ಒಂದು ಹಳಿಯಿಂದ ಇನ್ನೊಂದಕ್ಕೆ ಹಾಯುವದು. ಹಿಂದಿನ ಸಿಗ್ನಲ್ ಕೆಂಪಾಗುವದು. ಅಲ್ಲಿ ಗಾಡಿ ಇದೆಯೆಂದು ಹಳಿಯೇ ತಿಳಿಸಿದಂತಾಯಿತು. ಗಾಡಿ ಇಲ್ಲದಾಗ ವಿದ್ಯುತ್ತು ಸ್ಲೀಪರಿನ ಮೂಲಕ ಸೋರಿಹೋದರೆ ಇಲ್ಲದ ಗಾಡಿಯನ್ನು ಇದೆಯೆಂದು ತೋರಿಸಿ, ಬರುವ ಗಾಡಿಗಳು ವೃಥಾ ನಿಲ್ಲಬೇಕಾದೀತು. ಆದ್ದರಿಂದ ಇಂಥ ಕಡೆಗಳಲ್ಲಿ ಹಳಿಗೂ ಕ್ಲಿಪ್ಪಿಗೂ ನಡುವೆ ವಿದ್ಯುತ್ತನ್ನು ಬಿಟ್ಟುಕೊಡದ ವಸ್ತು ಇರಬೇಕು. ಆದರೆ ಅದೇ ವಸ್ತು ಒಂದೊಂದು ಕ್ಲಿಪ್ಪಿನ ಸುಮಾರು ಒಂದು ಟನ್ನಿನಷ್ಟು ಒತ್ತಡವನ್ನೂ, ಗಾಡಿಯ ನಡುಕವನ್ನೂ, ವೈಶಾಖದ ಬಿಸಿಲನ್ನೂ ತಡೆಯಬೇಕು. ಕಬ್ಬಿಣವು ಭಾರ ತಡೆಯುವದು, ವಿದ್ಯುತ್ತನ್ನು ತಡೆಯದು. ಪಾಲಿಥೀನು ವಿದ್ಯುತ್ತನ್ನು ತಡೆಯುವದು, ಭಾರಕ್ಕೆ ಹಿಂಡಿಹೋಗುವದು. ಎರಡನ್ನೂ ಮಾಡಬಲ್ಲದು ನೈಲಾನು. ಹೀಗೆ ಭಾರ, ಶಾಖ, ತಿಕ್ಕಾಟಗಳನ್ನು ತಾಳಿ ಲೋಹದ ಜಾಗದಲ್ಲಿ ನಿಲ್ಲಬಲ್ಲ ಥರ್ಮೋಪ್ಲಾಸ್ಟಿಕ್ಕುಗಳಿಗೆ ಇಂಜಿನಿಯರಿಂಗ್ ಪ್ಲಾಸ್ಟಿಕ್ಕುಗಳೆಂದು ಹೆಸರು. ಯಂತ್ರಗಳ ಹಲ್ಲುಗಾಲಿ, ತಂತಿಗಳನ್ನು ಬಿಗಿಯುವ ಹಲ್ಲಿನ ಪಟ್ಟಿ ಇವೂ ಬಹುಮಟ್ಟಿಗೆ ನೈಲಾನಿನವೇ.

ಇನ್ನೂ ಬಲ ಬರಲೆಂದು ಅದರಲ್ಲಿ ಗಾಜಿನ ಸಣ್ಣ ಸಣ್ಣ ಎಳೆಗಳನ್ನು ಬೆರೆಸುತ್ತಾರೆ. ಗೋಡೆಯ ಮಣ್ಣಿಗೆ ಹುಲ್ಲು-ಹೊಟ್ಟು ಕಲಸುವ ನಮ್ಮ ಹಿರಿಯರ ಯುಕ್ತಿಯೇ ಇದು. ಜಿ ಎಂದರೆ ಗಾಜು, ಎಫ್ ಎಂದರೆ ತುಂಬಿದ್ದು, ಎನ್ ಎಂದರೆ ನೈಲಾನು. ಗಾಜು ತುಂಬಿದ ನೈಲಾನು, ಆರು-ಆರು. ಹೆಸರಿನ ಗಂಟು ಇಷ್ಟೇ.

ಅದೇ ಜಾಗದಲ್ಲಿ, ಒಂದೇ ಹಳಿಯ ಕೆಳಗಿರುವ ರಬ್ಬರ್ ಪ್ಯಾಡೂ ಪಾಲಿಮರೇ. ಆದರೆ ಅದು ಗಂಧಕದಂಥ ಪದಾರ್ಥದಿಂದ ಅಡ್ಡಗಟ್ಟೆ ಹಾಕಿಸಿಕೊಂಡ ಜಾತಿ. ಕರಗದು, ಒತ್ತಿದರೆ ತಗ್ಗಿ ಬಿಟ್ಟರೆ ಏಳುವದು. ನಡುಕವನ್ನು ನುಂಗುವದು ಅದರ ಕೆಲಸ, ಬಿಗಿಯಾಗಿ ನಿಲ್ಲುವದು ನೈಲಾನಿನ ಕೆಲಸ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಎರಡೂ ಕೆಲಸ ಕೆಡುವವು.

ನೈಲಾನಿಗೆ ದೋಷಗಳಿಲ್ಲವೆಂದು ತಿಳಿಯಬಾರದು. ಅದು ನೀರು ಕುಡಿಯುವ ವಸ್ತು. ಅಮೈಡ್ ಕೊಂಡಿಗಳು ನೀರಿನ ಅಣುಗಳನ್ನೂ ಪ್ರೀತಿಯಿಂದ ಹಿಡಿದುಕೊಳ್ಳುವವು. ಬರಿಯ ನೈಲಾನ್ ೬೬ನ್ನು ನೀರಿನಲ್ಲಿ ಬಹುಕಾಲ ನೆನೆಯಿಟ್ಟರೆ ತನ್ನ ತೂಕದ ನೂರಕ್ಕೆ ಎಂಟರಷ್ಟು ನೀರನ್ನು ಹೀರಬಲ್ಲದು. ಆಗ ತುಸು ಉಬ್ಬುವದು, ಮೆತ್ತಗಾಗುವದು. ಆದರೆ ಒಣಗಿದ ನೈಲಾನು ಪೆಡಸು, ಪೆಟ್ಟಿಗೆ ಸೀಳುವದು. ಅದಕ್ಕಾಗಿ ಅಚ್ಚಿನಿಂದ ತೆಗೆದ ಸಾಮಾನುಗಳನ್ನು ಬಿಸಿನೀರಿನಲ್ಲಿಟ್ಟು ಬೇಕಾದಷ್ಟೇ ನೀರು ಕುಡಿಸುವ ರೂಢಿ ಉಂಟು. ಕುಡಿಯದಿದ್ದರೂ ಕಷ್ಟ, ಮಿತಿಮೀರಿ ಕುಡಿದರೂ ಕಷ್ಟ! ಮೇಲಾಗಿ ಅದು ಮಣ್ಣಿನಲ್ಲಿ ಬೇಗ ಕೊಳೆಯದು. ಅದರ ಕಚ್ಚಾ ಸಾಮಗ್ರಿ ಬಹುಪಾಲು ಕಲ್ಲೆಣ್ಣೆಯಿಂದ ಬರುವದು. ಅಡಿಪಿಕ್ ಆಮ್ಲವನ್ನು ಮಾಡುವಾಗ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಹುಟ್ಟುವದು. ತಡೆಯದೆ ಬಿಟ್ಟರೆ ಭೂಮಿಯನ್ನು ಕಾಯಿಸುವದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲಶಾಲಿ. ಆದ್ದರಿಂದ ನೈಲಾನನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ತೆಗಳುವದಾದರೂ ತಿಳಿದು ತೆಗಳಬೇಕೆಂಬುದಷ್ಟೇ ನನ್ನ ಮಾತು.

ಕೇಶ್ವಾಪುರಕ್ಕೆ ಹತ್ತಿಕೊಂಡೇ ಬೆಂಗೇರಿ ಇದೆ. ೧೯೫೭ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಮ್ಮ ರಾಷ್ಟ್ರಧ್ವಜವನ್ನು ಹತ್ತಿಯ ಖಾದಿಯಿಂದ ಮಾಡುತ್ತಾರೆ. ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ದೊರೆಯಿತು. ಖಾದಿಯೂ ಪಾಲಿಮರು, ಪಾಲಿಯೆಸ್ಟರೂ ಪಾಲಿಮರು. ಹಾಗೆಂದು ಎರಡೂ ಒಂದೇ ಆದವೆ? ಒಂದನ್ನು ಹೊಲ ಬೆಳೆಯಿತು, ಕೈ ನೂತಿತು. ಮಣ್ಣಿಗೆ ಬಿದ್ದರೆ ಮಣ್ಣಾಗುವದು. ಇನ್ನೊಂದನ್ನು ಕಾರಖಾನೆ ಕರಗಿಸಿ ಎಳೆಯಿತು; ಅದು ಅಗ್ಗ, ಆದರೆ ಬೇಗ ಮಣ್ಣಾಗದು. ಯಾವುದು ಎಲ್ಲಿಗೆ ತಕ್ಕದ್ದು ಎಂಬ ಪ್ರಶ್ನೆಗೆ ರಸಾಯನಶಾಸ್ತ್ರವೊಂದೇ ಉತ್ತರ ಕೊಡಲಾರದು. ನೂಲುವವರ ಕೂಲಿ, ರೈತನ ಬೆಲೆ, ನಾಡಿನ ನೆನಪು ಇವನ್ನೆಲ್ಲ ಎಣಿಸಬೇಕು. ಅದು ನಮ್ಮಂಥ ಕಲಾ ವಿದ್ಯಾರ್ಥಿಗಳ ಕೆಲಸವೂ ಹೌದು. ಆದರೆ ಎಣಿಸುವ ಮೊದಲು ವಸ್ತು ಯಾವುದೆಂಬುದನ್ನು ತಿಳಿದಿರಬೇಕು.

ಈಗ ಅದೇ ಚರ್ಚಾಸ್ಪರ್ಧೆ ನಡೆದರೆ ನಾನು ಹೀಗೆ ಹೇಳುವೆನು: ಐದು ನಿಮಿಷ ಬಳಸಿ ಐದು ತಲೆಮಾರು ಉಳಿಯುವಂತೆ ಎಸೆಯುವ ವಸ್ತು ಬೇಡ. ವರ್ಷಗಟ್ಟಲೆ ಹಳಿಯನ್ನು ಹಿಡಿದು ನಿಲ್ಲುವ ವಸ್ತು ಬೇಕು. ಕೆಟ್ಟ ಮೇಲೆ ಅದನ್ನೂ ಕಂಡಲ್ಲಿ ಚೆಲ್ಲದೆ ಲೆಕ್ಕವಿಟ್ಟು ಹಿಂದಕ್ಕೆ ಒಪ್ಪಿಸಬೇಕು. ಈ ಮಾತಿಗೆ ಬಹುಮಾನ ಬಾರದೆ ಇರಬಹುದು. “ಎಲ್ಲವನ್ನೂ” ಎಂಬ ಮಾತಿಗೆ ಬೀಳುವಷ್ಟು ಚಪ್ಪಾಳೆ “ಯಾವುದನ್ನು” ಎಂಬ ಮಾತಿಗೆ ಬೀಳುವದಿಲ್ಲ.

ಓದಿ ಮುಗಿಸಿದ ದಿನ ರಾತ್ರಿ ಊಟದ ಹೊತ್ತಿಗೆ ತಂದೆಯವರಿಗೆ ಹೇಳಿದೆ: “ಅಪ್ಪಾ, ಅದು ಅರವತ್ತಾರು ಅಲ್ಲ. ಆರು, ಆರು. ಎರಡು ಥರದ ಡಬ್ಬಿ, ಒಂದೊಂದರಾಗ ಆರು ಇಂಗಾಲ.” ಕಂಬಳಿಯ ಕೊಂಡಿಯೂ ಲೈನರಿನ ಕೊಂಡಿಯೂ ಒಂದೇ ಎಂಬುದನ್ನೂ ಹೇಳಿದೆ. ಅವರು ತುತ್ತನ್ನು ಕೈಯಲ್ಲಿಯೇ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹಂಗಾದ್ರ ಹಳಿಗೆ ನಾವು ಕಂಬಳಿ ಹೊಚ್ಚಿಧಂಗ ಆತಲ್ಲವಾ” ಎಂದರು.

ಇಷ್ಟು ಪುಸ್ತಕಗಳನ್ನು ಓದಿದ ನನಗೆ ಆ ಮಾತು ಹೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಸುತ್ತಿಗೆಯನ್ನು ಹೆಗಲಿಗೇರಿಸಿ ಹೊರಟಾಗ, ತಮ್ಮ ಜೊತೆಯವರಿಗೆ “ಆರು, ಆರು” ಎಂದು ಬೆರಳು ಮಡಿಚಿ ಹೇಳುತ್ತಿರುವದು ಓಣಿಯ ತುದಿಯವರೆಗೂ ಕೇಳಿಸುತ್ತಿತ್ತು.